ಒಳ್ಳೆಯ ಕೈ ಕಟ್ಟಿಹಾಕುವ ಚಿಕಿತ್ಸೆಯ ಕಥೆ

ಪಾರ್ಶ್ವವಾಯು ಹೊಡೆದವರ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿರುವುದನ್ನು ನೋಡಿದರೆ ಅಲ್ಲಿಯ ನರವೇ ಸತ್ತಿದೆ ಅನಿಸುತ್ತದೆ. ನಾವು ಎಣ್ಣೆ ತಿಕ್ಕುವುದೂ ಅಲ್ಲಿಗೇ. ಆದರೆ ಪೆಟ್ಟು ಬಿದ್ದಿರುವುದು ಮೆದುಳಿಗೆ. ಮಣಿಕಟ್ಟಿನ ನರಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ, ಮೇಲಿನಿಂದ ಆರ್ಡರ್ ಬರುವುದಿಲ್ಲ ಅಷ್ಟೆ! ಹಾಗಾದರೆ ಕೈಗೆ ವ್ಯಾಯಾಮ ಮಾಡಿಸಿ ಏನು ಪ್ರಯೋಜನ? ಇದಕ್ಕೆ ಉತ್ತರ ಸಿಗಲು ನೂರು ವರ್ಷ ಹಿಡಿಯಿತು. ನಡುವೆ ಕೋರ್ಟು ಕಚೇರಿಯೂ ಆಯಿತು.

1895ರಲ್ಲಿ ಇಂಗ್ಲೆಂಡಿನ ಮಾಟ್ ಮತ್ತು ಶೆರಿಂಗ್ಟನ್ ಮಂಗಗಳ ಒಂದು ಕೈಯಿಂದ ಸ್ಪರ್ಶಜ್ಞಾನ ಒಯ್ಯುವ ನರಗಳನ್ನು ಬೆನ್ನುಹುರಿಯ ಬಳಿ ಕತ್ತರಿಸಿದರು. ಚಲನೆಯ ನರಗಳನ್ನು ಮುಟ್ಟಲಿಲ್ಲ. ಆದರೂ ಮಂಗಗಳು ಆ ಕೈ ಬಳಸುವುದನ್ನೇ ಬಿಟ್ಟವು. ಸ್ಪರ್ಶವಿಲ್ಲದೆ ಚಲನೆಯಿಲ್ಲ ಎಂದು ಅವರು ತೀರ್ಮಾನಿಸಿದರು. ಶೆರಿಂಗ್ಟನ್ ಮುಂದೆ 1932ರಲ್ಲಿ ನೊಬೆಲ್ ಪಡೆದವರು. ಅಂಥವರ ಮಾತನ್ನು ಎದುರಿಸುವವರು ಯಾರು? 1917ರಲ್ಲಿ ಅಮೆರಿಕದ ಆಗ್ಡನ್ ಮತ್ತು ಫ್ರಾಂಜ್, ಮೆದುಳಿಗೆ ಪೆಟ್ಟಾದ ಮಂಗಗಳ ಒಳ್ಳೆಯ ಕೈ ಕಟ್ಟಿ, ಬಿದ್ದ ಕೈಯನ್ನು ಕೆಲವೇ ವಾರಗಳಲ್ಲಿ ಎಬ್ಬಿಸಿ ತೋರಿಸಿದ್ದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಮತ್ತೆ ಇದನ್ನು ಕೈಗೆತ್ತಿಕೊಂಡವರು ಎಡ್ವರ್ಡ್ ಟೌಬ್. ಅವರು ಮನಶ್ಶಾಸ್ತ್ರಜ್ಞರು, ಡಾಕ್ಟರಲ್ಲ. ಶೆರಿಂಗ್ಟನ್ ಮಾಡಿದ್ದ ಶಸ್ತ್ರಕ್ರಿಯೆಯನ್ನೇ ಮಾಡಿ, ಒಳ್ಳೆಯ ಕೈಯನ್ನು ಕಟ್ಟಿಹಾಕಿದರು. ಹಸಿದ ಮಂಗ ಏನು ಮಾಡೀತು? ಸ್ಪರ್ಶವಿಲ್ಲದ ಕೈಯಲ್ಲೇ ಆಹಾರ ಎತ್ತಿಕೊಂಡಿತು! ಟೌಬ್ ವಿವರಣೆ ಸರಳ. ಪೆಟ್ಟಾದ ಮೊದಲ ದಿನಗಳಲ್ಲಿ ಕೈ ನಿಜಕ್ಕೂ ಏಳುವುದಿಲ್ಲ. ಪ್ರಯತ್ನಿಸಿ ಸೋತು ಮಂಗ ಇನ್ನೊಂದು ಕೈಗೆ ಒಗ್ಗಿಕೊಳ್ಳುತ್ತದೆ. ಮುಂದೆ ಶಕ್ತಿ ಮರಳಿದರೂ ಅಭ್ಯಾಸ ಮರಳುವುದಿಲ್ಲ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಇನಾಪರೇಟಿವ್ ಅಕೌಂಟ್. ಬ್ಯಾಲೆನ್ಸ್ ಇದೆ, ವ್ಯವಹಾರವಿಲ್ಲ.

ಆಮೇಲಿನದು ಓದಲು ಕಷ್ಟ. 1981ರ ಸೆಪ್ಟೆಂಬರಿನಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿದ್ದ ಅವರ ಪ್ರಯೋಗಾಲಯಕ್ಕೆ ಪೊಲೀಸರು ನುಗ್ಗಿದರು. ಅಲ್ಲಿ ಸ್ವಯಂಸೇವಕನಾಗಿ ಸೇರಿಕೊಂಡಿದ್ದ ಪೀಟಾ ಸಂಸ್ಥೆಯ ಅಲೆಕ್ಸ್ ಪಚೆಕೊ ದೂರು ಕೊಟ್ಟಿದ್ದ. 17 ಮಂಗಗಳು, ಗಲೀಜು ಪಂಜರಗಳು. ನೋವೇ ತಿಳಿಯದ ಬೆರಳುಗಳನ್ನು ಮಂಗಗಳು ತಾವೇ ಕಡಿದುಕೊಂಡಿದ್ದವು. ಆರು ಆರೋಪಗಳಲ್ಲಿ ಟೌಬ್ ತಪ್ಪಿತಸ್ಥರೆಂದು ತೀರ್ಪಾಯಿತು. ಎರಡನೇ ವಿಚಾರಣೆಯಲ್ಲಿ ಒಂದು ಉಳಿಯಿತು, 1983ರಲ್ಲಿ ಅದೂ ಬಿದ್ದುಹೋಯಿತು. ಕೇಂದ್ರ ಸರ್ಕಾರದ ಹಣದ ಸಂಶೋಧನೆಗೆ ರಾಜ್ಯದ ಕಾನೂನು ಅನ್ವಯಿಸದು ಎಂಬುದು ಕಾರಣ. ಅನ್ವಯಿಸದು ಅನ್ನುವುದು ಬೇರೆ, ತಪ್ಪು ಮಾಡಿಲ್ಲ ಅನ್ನುವುದು ಬೇರೆ. ಆಡಿಟ್ ಆಕ್ಷೇಪಣೆಗೆ ಉತ್ತರ ಬರೆದವರಿಗೆ ಈ ವ್ಯತ್ಯಾಸ ಗೊತ್ತು! ಟೌಬ್ ಪರ ವಾದಿಸುವವರನ್ನು ಓದಿದ್ದೇನೆ, ಆ ಪಂಜರಗಳನ್ನು ಮಾತ್ರ ಒಪ್ಪಲಾಗಲಿಲ್ಲ.

ಅದೇ ಮಂಗಗಳಲ್ಲಿ ಕೆಲವನ್ನು ಸಾಯಿಸುವ ಮೊದಲು ಪರೀಕ್ಷಿಸಿದಾಗ, ಕೈಯ ಸ್ಪರ್ಶಕ್ಕೆ ಮೀಸಲಾಗಿದ್ದ ಮೆದುಳಿನ ಜಾಗವನ್ನು ಮುಖದ ಸ್ಪರ್ಶ ಆಕ್ರಮಿಸಿಕೊಂಡಿತ್ತು. 1991ರಲ್ಲಿ ಇದು ಪ್ರಕಟವಾಯಿತು. ಬೆಳೆದ ಮೆದುಳೂ ಇಷ್ಟು ಬದಲಾಗುತ್ತದೆಂದು ಬಹಳ ಜನ ನಂಬಿರಲಿಲ್ಲ.

ಅಷ್ಟರಲ್ಲಿ ಟೌಬ್ ಅಲಬಾಮಾ ವಿಶ್ವವಿದ್ಯಾಲಯ ಸೇರಿ ಮನುಷ್ಯರಿಗೆ ಚಿಕಿತ್ಸೆ ಶುರುಮಾಡಿದ್ದರು. 1993ರ ವರದಿಯಲ್ಲಿ ಒಂಬತ್ತೇ ರೋಗಿಗಳು, ಎಲ್ಲರಿಗೂ ಪಾರ್ಶ್ವವಾಯುವಾಗಿ ವರ್ಷ ದಾಟಿತ್ತು. ನಾಲ್ವರಿಗೆ ಒಳ್ಳೆಯ ಕೈಯನ್ನು 14 ದಿನ ಜೋಲಿಗೆ ಹಾಕಿ, ಹತ್ತು ದಿನ ದಿನಕ್ಕೆ ಆರು ಗಂಟೆ ಇನ್ನೊಂದು ಕೈಯಿಂದ ಕೆಲಸ ಮಾಡಿಸಿದರು. ಆ ನಾಲ್ವರ ಕೈ ಸುಧಾರಿಸಿತು. 2006ರಲ್ಲಿ 222 ಜನರ ಮೇಲಿನ ದೊಡ್ಡ ಪರೀಕ್ಷೆಯೂ ಇದನ್ನು ಸಮರ್ಥಿಸಿತು. ನಮ್ಮ ಮನೆಗಳಲ್ಲಿ ಮಾಡುವುದು ತದ್ವಿರುದ್ಧ. ಪಾಪ ಎಂದು ತುತ್ತು ಕಲಸಿ ಬಾಯಿಗಿಡುತ್ತೇವೆ, ಗುಂಡಿ ನಾವೇ ಹಾಕುತ್ತೇವೆ.

ಹಾಗೆಂದು ಎಲ್ಲರ ಕೈ ಕಟ್ಟಲು ಹೊರಡಬೇಡಿ. 2006ರ ಪರೀಕ್ಷೆಗೆ ಸೇರಿಸಿಕೊಳ್ಳುವ ಮೊದಲು ಅವರು ನೋಡಿದ್ದು ಮಣಿಕಟ್ಟನ್ನೇ. ಅದು ಕನಿಷ್ಠ 10 ಡಿಗ್ರಿ ಮೇಲೇಳಬೇಕಿತ್ತು, ಬೆರಳುಗಳೂ ಸ್ವಲ್ಪ ಬಿಚ್ಚಿಕೊಳ್ಳಬೇಕಿತ್ತು. ಅಷ್ಟೂ ಏಳದ ಕೈಯವರನ್ನು ಅವರು ಸೇರಿಸಿಕೊಳ್ಳಲಿಲ್ಲ.