ಮನೆ ಅದುರಿದರೆಲ್ಲಾ ಭೂಕಂಪವೇ? ನೆಲದ ಕಂಪನವನ್ನು ಓದುವುದು ಹೀಗೆ

2020ರ ಮೇ 20, ಮಧ್ಯಾಹ್ನ ಸುಮಾರು 1.20. ಬೆಂಗಳೂರಿನ ವಿಮಾನ ನಿಲ್ದಾಣದ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಭಾರಿ ಸದ್ದೊಂದು ಕೇಳಿಸಿತು. ಕಿಟಕಿ, ಬಾಗಿಲುಗಳು ಅದುರಿದವು. ಭೂಕಂಪವಾಯಿತೆಂದು ಹಲವರು ಹೆದರಿದರು. ಆದರೆ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಕಂಪನಮಾಪಕಗಳಲ್ಲಿ ಭೂಕಂಪ ದಾಖಲಾಗಿಲ್ಲ ಎಂದಿತು. ಅದು ವಾಯುಪಡೆಯ ಪರೀಕ್ಷಾ ಹಾರಾಟದಿಂದ ಬಂದ ಸೋನಿಕ್ ಬೂಮ್ ಎಂದು ರಕ್ಷಣಾ ಸಚಿವಾಲಯ ಸಂಜೆ ತಿಳಿಸಿತು.

ಮನೆಯೇ ಅದುರಿದ ಮೇಲೂ ಭೂಕಂಪವಲ್ಲ ಎಂದು ಹೇಗೆ ಹೇಳುತ್ತಾರೆ? ಕಂಪನ ಎಷ್ಟು ಜೋರಾಗಿತ್ತು ಎಂಬುದರಿಂದ ಮಾತ್ರ ಇದು ತಿಳಿಯುವುದಿಲ್ಲ. ಯಾವ ಬಗೆಯ ಕಂಪನ ಯಾವ ಕ್ಷಣದಲ್ಲಿ ಬಂತು ಎಂಬುದನ್ನೂ ನೋಡಬೇಕು.

ಗೆರೆಯೊಂದೇ ಸಾಲದು

ಕಂಪನಮಾಪಕ ನೆಲದ ಅಲುಗಾಟವನ್ನು ಅಂಕುಡೊಂಕು ಗೆರೆಯಾಗಿ ದಾಖಲಿಸುತ್ತದೆ. ಹೆಬ್ಬಾಳ ಮೇಲ್ಸೇತುವೆಯ ಲಾರಿ, ಯಶವಂತಪುರದ ರೈಲು, ಪಕ್ಕದ ಮನೆಯ ನೀರಿನ ಮೋಟಾರು ಎಲ್ಲವೂ ನೆಲವನ್ನು ಅಲುಗಿಸುತ್ತವೆ. ಇವೆಲ್ಲ ಒಂದೇ ಗೆರೆಯಲ್ಲಿ ಬೆರೆತಿರುತ್ತವೆ.

ಇವನ್ನು ಬೇರ್ಪಡಿಸಲು ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಅಲುಗಾಡಿತು ಎಂಬ ಎಣಿಕೆ ಬೇಕು. ಇದರ ಅಳತೆ ಹರ್ಟ್ಸ್. ಫೂರಿಯರ್ ವಿಶ್ಲೇಷಣೆ ಎಂಬ ಗಣಿತ ಯಾವ ಯಾವ ಆವೃತ್ತಿ ಎಷ್ಟೆಷ್ಟು ಇದೆ ಎಂದು ಹೇಳುತ್ತದೆ. ಆದರೆ ಅದರಿಂದ ಸಿಗುವ ಪಟ್ಟಿಯಲ್ಲಿ ಕಾಲ ಕಾಣುವುದಿಲ್ಲ. ಮೋಹನ ರಾಗದ ಆರೋಹಣ 'ಸರಿಗಪದಸ', ಅವರೋಹಣ 'ಸದಪಗರಿಸ'. ಎರಡರಲ್ಲೂ ಇರುವುದು ಅವೇ ಸ್ವರಗಳು. ಸ್ವರಗಳ ಪಟ್ಟಿ ಮಾತ್ರ ಕೊಟ್ಟರೆ ಹತ್ತಿದ್ದೋ ಇಳಿದದ್ದೋ ತಿಳಿಯದು.

ಕಾಲ ಮತ್ತು ಆವೃತ್ತಿ ಒಟ್ಟಿಗೆ

ಹಾಗಾಗಿ ದಾಖಲೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ಪ್ರತಿ ತುಂಡನ್ನೂ ಪ್ರತ್ಯೇಕವಾಗಿ ವಿಶ್ಲೇಷಿಸುತ್ತಾರೆ. ಇದರಿಂದ ಸಿಗುವ ಚಿತ್ರವೇ ಸ್ಪೆಕ್ಟ್ರೋಗ್ರಾಮ್. ಇದರಲ್ಲಿ ಅಡ್ಡಕ್ಕೆ ಕಾಲ, ಉದ್ದಕ್ಕೆ ಆವೃತ್ತಿ, ಬಣ್ಣದಲ್ಲಿ ಬಲ ಕಾಣುತ್ತದೆ.

ಇಲ್ಲಿ ಒಂದು ತೊಡಕಿದೆ. ತುಂಡು ಚಿಕ್ಕದಾದರೆ ಕಾಲ ನಿಖರವಾಗುತ್ತದೆ, ಆವೃತ್ತಿ ಮಸುಕಾಗುತ್ತದೆ. ತುಂಡು ದೊಡ್ಡದಾದರೆ ಇದಕ್ಕೆ ತಿರುವುಮುರುವು. ಡೆನಿಸ್ ಗೇಬರ್ 1946ರಲ್ಲಿ ಈ ಮಿತಿಯನ್ನು ವಿವರಿಸಿದರು. 1980ರ ದಶಕದ ಆರಂಭದಲ್ಲಿ ಫ್ರಾನ್ಸಿನ ಜಾನ್ ಮೊರ್ಲೆ, ತೈಲ ಹುಡುಕಾಟದ ಕಂಪನ ದಾಖಲೆಗಳಿಗಾಗಿ ವೇವ್‌ಲೆಟ್ ವಿಧಾನವನ್ನು ರೂಪಿಸಿದರು. ಇದರಲ್ಲಿ ವೇಗದ ಕಂಪನಕ್ಕೆ ಚಿಕ್ಕ ತುಂಡು, ನಿಧಾನದ ಕಂಪನಕ್ಕೆ ದೊಡ್ಡ ತುಂಡು. ಮಿತಿ ಹೋಗುವುದಿಲ್ಲ, ಆದರೆ ಅಗತ್ಯಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಯಾವುದು ಹೇಗೆ ಕಾಣುತ್ತದೆ?

- ಮೋಟಾರು: ಒಂದೇ ಆವೃತ್ತಿಯಲ್ಲಿ ಉದ್ದನೆಯ ಅಡ್ಡಗೆರೆ.
- ಹತ್ತಿರದ ಸಣ್ಣ ಭೂಕಂಪ: ಮೊದಲು ಪಿ ಅಲೆ, ನಂತರ ಸಾಮಾನ್ಯವಾಗಿ ಹೆಚ್ಚು ಬಲದ ಎಸ್ ಅಲೆ. ಆಮೇಲೆ ನಿಧಾನವಾಗಿ ಕರಗುವ ಬಾಲ.
- ಕಲ್ಲು ಕ್ವಾರಿ ಸ್ಫೋಟ: ಪಿ ಅಲೆಗೆ ಹೋಲಿಸಿದರೆ ಎಸ್ ಅಲೆ ಹಲವು ಬಾರಿ ದುರ್ಬಲ. ಕುಳಿಗಳನ್ನು ಸಮನಾದ ಅಂತರದಲ್ಲಿ ಒಂದಾದ ಮೇಲೊಂದು ಸಿಡಿಸಿದ್ದರೆ ಪಟ್ಟೆಪಟ್ಟೆಯ ಗುರುತು ಕಾಣಬಹುದು.
- ಸೋನಿಕ್ ಬೂಮ್: ಕ್ಷಣಮಾತ್ರದ ತೆಳುವಾದ ಲಂಬಗೆರೆ. ಗಾಳಿಯ ಒತ್ತಡ ನೆಲವನ್ನು ಸ್ವಲ್ಪ ತಟ್ಟುತ್ತದೆ, ಆದರೆ ಪಿ–ಎಸ್ ಜೋಡಿ ಇರುವುದಿಲ್ಲ.

ಒಂದೇ ಮಾಪಕವನ್ನು ನಂಬಿ ತೀರ್ಮಾನಿಸುವುದು ಕಷ್ಟ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ಪಿ ಅಲೆ ಗಟ್ಟಿ ಬಂಡೆಯಲ್ಲಿ ಸುಮಾರು 5ರಿಂದ 6 ಕಿಲೋಮೀಟರ್ ಸಾಗುತ್ತದೆ. ಹಲವು ಕೇಂದ್ರಗಳಿಗೆ ಅಲೆ ತಲುಪಿದ ಸಮಯವನ್ನು ಹೋಲಿಸಿದರೆ ಅದು ಬಂದ ದಾರಿ ತಿಳಿಯುತ್ತದೆ. ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ 1965ರಿಂದ ನಡೆಸುತ್ತಿರುವ ಮಾಪಕಗಳ ಸಾಲೂ ಇದೇ ತತ್ತ್ವದ ಮೇಲೆ ನಿಂತಿದೆ. ದೂರದ ಅಣು ಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸಲೆಂದೇ ಅದನ್ನು ಸ್ಥಾಪಿಸಲಾಯಿತು.

ನಾವು ಏನು ಮಾಡಬೇಕು?

ಎಲ್ಲವೂ ಬೂಮ್ ಎಂದು ತಳ್ಳಿಹಾಕುವುದೂ ಸರಿಯಲ್ಲ. 2021ರ ಡಿಸೆಂಬರ್‌ನಲ್ಲಿ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಿಜವಾದ ಲಘು ಭೂಕಂಪಗಳೇ ದಾಖಲಾದವು. ನೆಲ ಅಲುಗುತ್ತಲೇ ಇದ್ದರೆ ಗಟ್ಟಿ ಮೇಜಿನ ಕೆಳಗೆ ಸೇರಿ, ತಲೆಯನ್ನು ರಕ್ಷಿಸಿಕೊಳ್ಳಿ. ನಿಂತ ಮೇಲೆ ಹೊರಬನ್ನಿ. ಏನಾಯಿತು ಎಂಬುದನ್ನು ಮಾತ್ರ ಮಾಪಕಗಳ ದಾಖಲೆ ನೋಡಿದವರಿಂದ ತಿಳಿಯೋಣ. ಅಲ್ಲಿಯವರೆಗೆ ವಾಟ್ಸಾಪ್ ಸಂದೇಶವನ್ನು ಮುಂದಕ್ಕೆ ಕಳಿಸದಿರೋಣ.