ಆಂಜಿಯೋಗ್ರಾಂ ಡೈ: ಹೃದಯಕ್ಕೆ ಏನಾಗುತ್ತದೆ, ಕಿಡ್ನಿಗೆ ಏನಾಗುತ್ತದೆ?

"ಡೈ ಹಾಕಿದ್ರೆ ಕಿಡ್ನಿ ಹೋಗ್ತದಂತೆ." ಡಾಕ್ಟರ್ ಆಂಜಿಯೋಗ್ರಾಂ ಬರೆದುಕೊಟ್ಟ ದಿನ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಇದು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ಹೆದರಿಕೆಯಿಂದ ಕೆಲವರು ಪರೀಕ್ಷೆಯನ್ನೇ ಮುಂದೂಡುತ್ತಾರೆ. ಇನ್ನು ಕೆಲವರು ಹಳೆಯ ಕಿಡ್ನಿ ರಿಪೋರ್ಟನ್ನು ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ. ಎರಡೂ ಅಪಾಯವೇ.

ಡೈ ಎಂದು ಕರೆದರೂ ಅದು ಬಣ್ಣವಲ್ಲ. ಅಯೋಡಿನ್ ಇರುವ, ನೋಡಲು ತಿಳಿಯಾದ, ಸ್ವಲ್ಪ ಅಂಟುಅಂಟಾದ ದ್ರವ. ಹೃದಯದ ರಕ್ತನಾಳಗಳು ಬರೀ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅಯೋಡಿನ್ ಎಕ್ಸ್‌ರೇಯನ್ನು ತಡೆಯುವುದರಿಂದ ಡೈ ಹರಿದ ದಾರಿ ಪರದೆಯ ಮೇಲೆ ಕಪ್ಪಗೆ ಮೂಡುತ್ತದೆ. ಬ್ಲಾಕ್ ಇರುವಲ್ಲಿ ಆ ದಾರಿ ಸಪೂರವಾಗಿ ಕಾಣುತ್ತದೆ.

ಹೃದಯದ ನಾಳಕ್ಕೆ ನೇರವಾಗಿ ಡೈ ಹಾಕಿದರೆ ರೋಗಿ ಉಳಿಯುವುದಿಲ್ಲ ಎಂದು ವೈದ್ಯರೇ ನಂಬಿದ್ದ ಕಾಲವಿತ್ತು. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ಮೇಸನ್ ಸೋನ್ಸ್ ಒಬ್ಬ ಯುವಕನ ಮಹಾಪಧಮನಿಗೆ ಡೈ ಹಾಕಲು ಹೊರಟಿದ್ದಾಗ ಟ್ಯೂಬಿನ ತುದಿ ಬಲಭಾಗದ ಕೊರೊನರಿ ನಾಳದೊಳಗೆ ಜಾರಿಬಿಟ್ಟಿತು. ಇಂದು ಒಂದು ಸಲಕ್ಕೆ ಹಾಕುವ ಪ್ರಮಾಣದ ಹಲವು ಪಟ್ಟು ಡೈ ಅದರೊಳಗೆ ಹೋಯಿತು. ಹೃದಯ ಕೆಲವು ಸೆಕೆಂಡು ನಿಂತೇಹೋಯಿತು. ಸೋನ್ಸ್ ಕೆಮ್ಮಲು ಹೇಳಿದರು, ಯುವಕ ಕೆಮ್ಮಿದ, ಹೃದಯ ಮತ್ತೆ ಬಡಿಯಿತು. ಇಂದಿನ ಆಂಜಿಯೋಗ್ರಾಂ ಹುಟ್ಟಿದ್ದು ಈ ಆಕಸ್ಮಿಕದಿಂದ.

ಈಗ ಬಲ ನಾಳಕ್ಕೆ ಒಂದು ಸಲಕ್ಕೆ ಹಾಕುವುದು ಹೆಚ್ಚೆಂದರೆ ನಾಲ್ಕೈದು ಎಂಎಲ್. ಎಡಕ್ಕೆ ಸ್ವಲ್ಪ ಜಾಸ್ತಿ. ಆ ಎರಡು ಮೂರು ಸೆಕೆಂಡು ನಾಳದಲ್ಲಿ ರಕ್ತದ ಬದಲು ಡೈ ಇರುತ್ತದೆ. ಆಗ ಇಸಿಜಿ ಗೆರೆ ಸ್ವಲ್ಪ ಬದಲಾಗಬಹುದು, ಬಿಪಿ ತುಸು ಇಳಿಯಬಹುದು, ಬಡಿತ ನಿಧಾನವಾಗಬಹುದು. ಬಡಿತ ನಿಧಾನವಾಗುವುದು ಬಲ ನಾಳಕ್ಕೆ ಹಾಕಿದಾಗ ಹೆಚ್ಚು, ಯಾಕೆಂದರೆ ಬಹಳಷ್ಟು ಜನರಲ್ಲಿ ಬಡಿತವನ್ನು ಹುಟ್ಟಿಸುವ ಜಾಗಕ್ಕೆ ರಕ್ತ ಬರುವುದು ಆ ಕಡೆಯಿಂದ. "ಜೋರಾಗಿ ಕೆಮ್ಮಿ" ಎಂದು ಇಂದಿಗೂ ಹೇಳುವುದು ಅದಕ್ಕೇ. ಹಾಗೆ ಹೇಳಿದರೆ ಗಾಬರಿ ಬೇಡ, ಕೆಮ್ಮಿದರಾಯಿತು. ಗೆರೆ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಮೊದಲಿನಂತಾಗುತ್ತದೆ.

ಸಿಟಿ ಆಂಜಿಯೋಗ್ರಾಂ ಬೇರೆ. ಅಲ್ಲಿ ಟ್ಯೂಬ್ ಹೃದಯದವರೆಗೆ ಹೋಗುವುದಿಲ್ಲ, ಕೈಯ ನರಕ್ಕೆ ಯಂತ್ರದ ಮೂಲಕ ಡೈ ವೇಗವಾಗಿ ಹೋಗುತ್ತದೆ. ಮೈಯೆಲ್ಲಾ ಬಿಸಿಯಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ, ಮೂತ್ರ ಹೋಗಿಬಿಟ್ಟಿತೇನೋ ಎಂಬಂತೆ ಅನಿಸುತ್ತದೆ. ನಿಜವಾಗಿ ಹೋಗಿರುವುದಿಲ್ಲ. ಇದನ್ನು ಮೊದಲೇ ಹೇಳದೆ ಎಷ್ಟೋ ಹಿರಿಯರನ್ನು ಯಂತ್ರದೊಳಗೆ ಮಲಗಿಸುತ್ತಾರೆ, ಅವರು ಮುಜುಗರದಿಂದ ಮಿಸುಕಿದರೆ ಚಿತ್ರ ಕೆಡುತ್ತದೆ.

ಇನ್ನು ಕಿಡ್ನಿ. ಡೈ ದೇಹದಿಂದ ಹೊರಹೋಗುವುದು ಮೂತ್ರದ ಮೂಲಕವೇ. ಕಿಡ್ನಿ ಸರಿಯಿರುವವರಲ್ಲಿ 24 ಗಂಟೆಯೊಳಗೆ ಬಹುತೇಕ ಎಲ್ಲಾ ಹೊರಗೆ ಹೋಗಿರುತ್ತದೆ, ತೊಂದರೆ ಅಪರೂಪ. ಕಿಡ್ನಿ ಮೊದಲೇ ಸೋತಿದ್ದರೆ, ಅದರಲ್ಲೂ ರಿಪೋರ್ಟಿನಲ್ಲಿ ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ಲೆಕ್ಕ ಬೇರೆ. ಅಂಥವರಲ್ಲಿ ಕ್ರಿಯಾಟಿನಿನ್ ಎರಡು ಮೂರು ದಿನದಲ್ಲಿ ಏರಬಹುದು. ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ಇಳಿಯುತ್ತದೆ, ಕೆಲವೇ ಮಂದಿಗೆ ಡಯಾಲಿಸಿಸ್ ಬೇಕಾಗುತ್ತದೆ. ಶುಗರ್, ಹಾರ್ಟ್ ಫೇಲ್ಯೂರ್, ವಯಸ್ಸು, ಮೈಯಲ್ಲಿ ನೀರು ಕಡಿಮೆಯಾಗಿರುವುದು ಅಪಾಯವನ್ನು ಹೆಚ್ಚಿಸುತ್ತವೆ. ರಮಝಾನ್ ಉಪವಾಸದಲ್ಲಿರುವವರು ಆ ವಿಷಯವನ್ನು ಮೊದಲೇ ಡಾಕ್ಟರಿಗೆ ತಿಳಿಸಬೇಕು.

ತಡೆಯುವ ದಾರಿ ಸರಳ: ಸಲೈನ್ ಮತ್ತು ಆದಷ್ಟು ಕಡಿಮೆ ಡೈ. ಹಿಂದೆ ಇದಕ್ಕೆಂದೇ ಅಸಿಟೈಲ್‌ಸಿಸ್ಟೀನ್ ಮಾತ್ರೆ ಕೊಡುತ್ತಿದ್ದರು. ಅದರಿಂದ ಹೆಚ್ಚಿನ ಲಾಭವಿಲ್ಲ ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. "ತುಂಬಾ ನೀರು ಕುಡಿಯಿರಿ" ಎಂಬ ಸಲಹೆಯೂ ಎಲ್ಲರಿಗಲ್ಲ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಜಾಸ್ತಿ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ಎಷ್ಟು ಕುಡಿಯಬೇಕು ಎಂದು ಕೇಳಿಯೇ ಕುಡಿಯಬೇಕು.

ಶುಗರಿಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದರ ಹೆಸರು ಹೇಳಲೇಬೇಕು. ಆ ಮಾತ್ರೆ ಕಿಡ್ನಿಯನ್ನು ಕೆಡಿಸುವುದಿಲ್ಲ. ಆದರೆ ಡೈಯಿಂದ ಕಿಡ್ನಿ ನಿಧಾನವಾದರೆ ಮಾತ್ರೆ ಮೈಯಲ್ಲೇ ಉಳಿದು ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಅದಕ್ಕೇ ಕಿಡ್ನಿ ದುರ್ಬಲ ಇರುವವರಿಗೆ ಪರೀಕ್ಷೆಯ ಹೊತ್ತಿಗೆ ನಿಲ್ಲಿಸಿ, 48 ಗಂಟೆ ಕಳೆದು ಕ್ರಿಯಾಟಿನಿನ್ ನೋಡಿ ಮತ್ತೆ ಶುರುಮಾಡಿಸುತ್ತಾರೆ. ನಾವಾಗಿಯೇ ನಿಲ್ಲಿಸುವುದು, ನಾವಾಗಿಯೇ ಶುರುಮಾಡುವುದು ಎರಡೂ ಬೇಡ.

ಕರಾವಳಿಯಲ್ಲಿ ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ: ಸಿಗಡಿ, ಏಡಿ ಆಗದವರಿಗೆ ಡೈ ಆಗುತ್ತದಾ? ಆಗುತ್ತದೆ. ಸಿಗಡಿ ಅಲರ್ಜಿಗೆ ಕಾರಣ ಅದರ ಪ್ರೋಟೀನ್, ಅಯೋಡಿನ್ ಅಲ್ಲ. ನಿಜವಾಗಿ ಹೇಳಬೇಕಾದದ್ದು ಹಿಂದೆ ಡೈ ಹಾಕಿದಾಗ ತುರಿಕೆ, ದದ್ದು, ಉಸಿರುಕಟ್ಟುವಿಕೆ ಆಗಿತ್ತೇ ಎಂಬುದನ್ನು. ಅಸ್ತಮಾ ಮತ್ತು ಥೈರಾಯ್ಡ್ ಇದ್ದರೆ ಅದನ್ನೂ ಹೇಳಿ. ಈಗಿನ ಡೈಗಳಲ್ಲಿ ಜೀವಕ್ಕೆ ಅಪಾಯ ತರುವಂಥ ಅಲರ್ಜಿ ತೀರಾ ವಿರಳ. ಜಪಾನಿನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು ಗಮನಿಸಿದ 1990ರ ವರದಿಯಲ್ಲಿ ಹೊಸ ಬಗೆಯ ಡೈಯಿಂದ ತೀವ್ರ ತೊಂದರೆ ಕಂಡದ್ದು 10,000ಕ್ಕೆ ನಾಲ್ವರಲ್ಲಿ. ಹಳೆಯ ಬಗೆಯಲ್ಲಿ 22 ಮಂದಿಯಲ್ಲಿ.

ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಈ ಎಲ್ಲಾ ಲೆಕ್ಕ ಹಿಂದೆ ಸರಿಯುತ್ತದೆ. ಆಗ ಕ್ರಿಯಾಟಿನಿನ್ ರಿಪೋರ್ಟಿಗಾಗಿ ವೈದ್ಯರು ಕಾಯುವುದಿಲ್ಲ, ಕಾಯಲೂಬಾರದು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನವರು ಹೃದಯದ ಚಿಕಿತ್ಸೆಗೆ ಮಂಗಳೂರಿಗೆ ಹೋಗುವುದು ಹೊಸತಲ್ಲ. ತೊಡಕು ಇರುವುದು ಇಲ್ಲೇ: ರಕ್ತಪರೀಕ್ಷೆ ಊರಿನ ಲ್ಯಾಬಿನಲ್ಲಿ, ಶುಗರ್ ಡಾಕ್ಟರ್ ಇನ್ನೊಂದು ಕಡೆ, ಹಳೆಯ ರಿಪೋರ್ಟ್ ಗಲ್ಫಿನಲ್ಲಿ. ಬಾಪಾನ ಜೊತೆ ಹೋಗುವ ಮಕ್ಕಳು ಕೊನೆಯ ಕ್ರಿಯಾಟಿನಿನ್ ರಿಪೋರ್ಟ್ ಮತ್ತು ಮಾತ್ರೆಯ ಸ್ಟ್ರಿಪ್‌ಗಳ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಲಿ. ಡಿಸ್ಚಾರ್ಜ್ ಆಗುವಾಗ ಎಷ್ಟು ಎಂಎಲ್ ಡೈ ಹೋಯಿತು, ಕ್ರಿಯಾಟಿನಿನ್ ಮತ್ತೆ ಯಾವಾಗ ನೋಡಬೇಕು ಎಂದು ಕೇಳಿ ಬರೆಸಿಕೊಳ್ಳಿ. ಆ ಎರಡನೇ ಪರೀಕ್ಷೆಗೆ ತಲಪಾಡಿ ದಾಟಿ ಮತ್ತೆ ಹೋಗಬೇಕೆಂದಿಲ್ಲ. ಊರಿನ ಲ್ಯಾಬಿನಲ್ಲೇ ಮಾಡಿಸಿ ರಿಪೋರ್ಟ್ ಕಳಿಸಬಹುದು. ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಉಸಿರು ಕಟ್ಟಿದರೆ ಆ ದಿನಕ್ಕೆ ಕಾಯದೆ ಹೊರಡಬೇಕು. ಮೈಮೇಲೆ ದದ್ದು ಒಂದು ವಾರದವರೆಗೂ ತಡವಾಗಿ ಏಳಬಹುದು. ಅದನ್ನೂ ಡಾಕ್ಟರಿಗೆ ತಿಳಿಸಿ, ಮುಂದಿನ ಸಲಕ್ಕೆ ಫೈಲಿನಲ್ಲಿ ಬರೆಸಿಡಿ.