ರಸ್ತೆ ವೃತ್ತಗಳು: ಯೋಜನೆ ಮತ್ತು ವಿನ್ಯಾಸ

ರಸ್ತೆಗಳು ಕೂಡುವೆಡೆ ನಡುವೆ ದ್ವೀಪವೊಂದನ್ನು ನಿರ್ಮಿಸಿ, ಎಲ್ಲ ವಾಹನಗಳೂ ಅದರ ಸುತ್ತ ಒಂದೇ ದಿಕ್ಕಿನಲ್ಲಿ ಸಾಗುವಂತೆ ಮಾಡುವ ವ್ಯವಸ್ಥೆಯೇ ವೃತ್ತ. ವಾಹನಗಳು ಎಡಬದಿಯಲ್ಲಿ ಚಲಿಸುವ ಭಾರತದಲ್ಲಿ ಈ ಸುತ್ತು ಪ್ರದಕ್ಷಿಣಾಕಾರವಾಗಿರುತ್ತದೆ. ಮೈಸೂರಿನ ಕೃಷ್ಣರಾಜ ವೃತ್ತ, ಚಾಮರಾಜ ವೃತ್ತಗಳು ಕನ್ನಡಿಗರಿಗೆ ಚಿರಪರಿಚಿತ. ಆದರೆ ನಗರಕ್ಕೆ ಶೋಭೆ ತರುವುದಷ್ಟೇ ವೃತ್ತದ ಉದ್ದೇಶವಲ್ಲ. ಪ್ರಾಣಹಾನಿ ತಡೆಯುವುದೂ ಹೌದು.

ಸುರಕ್ಷತೆ ಹೇಗೆ?

ನಾಲ್ಕು ರಸ್ತೆಗಳು ಕೂಡುವ ಸಾಮಾನ್ಯ ಚೌಕದಲ್ಲಿ ವಾಹನಗಳ ಪಥಗಳು ಒಂದನ್ನೊಂದು ಸಂಧಿಸುವ 32 ಬಿಂದುಗಳಿರುತ್ತವೆ. ಏಕಪಥದ ವೃತ್ತದಲ್ಲಿ ಇವು ಕೇವಲ 8. ಮುಖಾಮುಖಿ ಹಾಗೂ ಅಡ್ಡ ಡಿಕ್ಕಿಗೆ ಆಸ್ಪದ ಕಡಿಮೆಯಾಗುತ್ತದೆ. ವೇಗವೂ ತಗ್ಗುವುದರಿಂದ ಅಪಘಾತ ಸಂಭವಿಸಿದರೂ ಪೆಟ್ಟಿನ ತೀವ್ರತೆ ಇಳಿಯುತ್ತದೆ.

ಮೊದಲ ಹಕ್ಕು ಯಾರಿಗೆ?

ಒಳನುಗ್ಗುವ ವಾಹನಗಳಿಗೆ ಆದ್ಯತೆ ಸಿಕ್ಕರೆ ಸುತ್ತುತ್ತಿರುವ ವಾಹನಗಳು ಹೊರಬರಲಾರದೆ ವೃತ್ತವೇ ಸ್ತಬ್ಧವಾಗುತ್ತದೆ. ಆದ್ದರಿಂದ ಬ್ರಿಟನ್ 1966ರಲ್ಲಿ, ವೃತ್ತದೊಳಗಿರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮ ಜಾರಿಗೊಳಿಸಿತು. ಆಧುನಿಕ ವೃತ್ತದ ತಳಹದಿಯೇ ಇದು.

ವಿನ್ಯಾಸದ ಸೂತ್ರಗಳು

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1976ರಲ್ಲಿ ಈ ಕುರಿತ ಮಾನದಂಡ ಪ್ರಕಟಿಸಿ, 2017ರಲ್ಲಿ ಪರಿಷ್ಕರಿಸಿತು. 1976ರ ಮಾನದಂಡವು ವಿನ್ಯಾಸ ವೇಗವನ್ನು ನಗರಗಳಲ್ಲಿ ಗಂಟೆಗೆ 30 ಕಿ.ಮೀ., ಗ್ರಾಮಾಂತರದಲ್ಲಿ 40 ಕಿ.ಮೀ. ಎಂದು ಸೂಚಿಸಿತ್ತು. ಎಲ್ಲ ದಿಕ್ಕುಗಳಿಂದ ಸೇರಿ ಗಂಟೆಗೆ ಸುಮಾರು 3,000 ವಾಹನಗಳನ್ನು ವೃತ್ತದ ಗರಿಷ್ಠ ಮಿತಿಯೆಂದು ಪರಿಗಣಿಸಿತ್ತು.

ಪ್ರವೇಶ ಪಥವು ವಾಹನವನ್ನು ಬಾಗಿಸಲೇಬೇಕು. ನೇರವಾಗಿ ದಾಟಲು ಅವಕಾಶವಿದ್ದರೆ ವೇಗ ಇಳಿಯದು. ಬಸ್ಸು, ಲಾರಿಗಳ ಹಿಂಗಾಲಿಗಳು ಹಾಯಲು ದ್ವೀಪದ ಅಂಚಿನಲ್ಲಿ ತಗ್ಗಾದ ಕಲ್ಲುಹಾಸು ಇರಬೇಕು. ಪಾದಚಾರಿಗಳು ದಾಟುವ ಪಟ್ಟೆಯನ್ನು ವಾಹನಗಳು ಕಾಯುವ ಗೆರೆಗಿಂತ ಕನಿಷ್ಠ ಒಂದು ಕಾರಿನಷ್ಟು ಹಿಂದಿಟ್ಟು, ನಡುವೆ ನಿಲ್ಲಲು ಚಿಕ್ಕ ದ್ವೀಪ ಒದಗಿಸುವುದು ಉತ್ತಮ.

ಎಲ್ಲಿ ಸಲ್ಲದು?

ಸ್ಥಳಾವಕಾಶವಿಲ್ಲದ ಕಡೆ, ಒಂದೇ ರಸ್ತೆಯ ದಟ್ಟಣೆ ಉಳಿದವನ್ನು ಮೀರಿಸುವಲ್ಲಿ ಹಾಗೂ ಪಾದಚಾರಿಗಳು ಅಪಾರವಾಗಿರುವ ಪೇಟೆಗಳಲ್ಲಿ ಸಿಗ್ನಲ್ ದೀಪಗಳೇ ಹೆಚ್ಚು ಉಪಯುಕ್ತ. ನಮ್ಮಲ್ಲಿ ನಡುದ್ವೀಪದಲ್ಲಿ ಪ್ರತಿಮೆ ಸ್ಥಾಪಿಸುವ ರೂಢಿಯಿದೆ. ಮಾಲಾರ್ಪಣೆಗೆ ಬರುವವರು ಚಲಿಸುವ ವಾಹನಗಳ ನಡುವೆ ನುಸುಳಬೇಕಾಗುವುದರಿಂದ, ಜನರನ್ನು ಸೆಳೆಯುವ ಯಾವುದನ್ನೂ ಅಲ್ಲಿಡದಿರುವುದೇ ಕ್ಷೇಮ. ಗೌರವ ಸಲ್ಲಿಸಲು ರಸ್ತೆ ಬದಿಯ ಉದ್ಯಾನವೇ ಪ್ರಶಸ್ತ ಸ್ಥಳ.